ಬೀದಿಗೆ ಬಂದ ಆಟ, ಆಟವಾದ ಬದುಕು

ನವರಾತ್ರಿಯ ಒಂದು ಬೆಳಿಗ್ಗೆ ನೀವು ಕುಂಬ್ರ ಪೇಟೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೀರಿ ಎಂದು ಭಾವಿಸಿ. ಖಾಕಿ ತೊಟ್ಟ, ದಪ್ಪ ಮೀಸೆಯ ವ್ಯಕ್ತಿಯೊಬ್ಬ ಲಾಠಿ ಕುಟ್ಟುತ್ತಾ ಬಂದು, ‘ಚೀಲದಲ್ಲಿ ಏನಿದೆ? ತೆಗೆಯಿರಿ ನೋಡೋಣ’ ಎಂದು ಗದರಿಸುತ್ತಾನೆ. ಒಂದು ಕ್ಷಣ ನಿಮಗೆ ಗಾಬರಿ. ಮರುಕ್ಷಣ ಅಂಟಿಸಿದ ಮೀಸೆ ಒಂದು ಕಡೆಗೆ ಜಾರಿರುವುದು ಕಾಣುತ್ತದೆ; ಸುತ್ತಲಿನವರು ನಗುತ್ತಾರೆ; ನೀವೂ ನಗುತ್ತೀರಿ. ಮಾರ್ನೆಮಿ ವೇಷ! ಜೇಬಿನಿಂದ ಹತ್ತು ರೂಪಾಯಿ ತೆಗೆದು ಕೊಡುತ್ತೀರಿ. ವೇಷ ಮುಂದಿನ ಅಂಗಡಿಗೆ ಹೋಗುತ್ತದೆ.

ಇಲ್ಲಿ ಒಂದು ಸಣ್ಣ ಪ್ರಶ್ನೆ ಇದೆ. ಆ ಗಾಬರಿಯ ಕ್ಷಣದಲ್ಲಿ ನೀವು ಆಟದ ಒಳಗಿದ್ದಿರೋ, ಹೊರಗಿದ್ದಿರೋ? ನೀವು ಆಡಲು ಒಪ್ಪಿರಲಿಲ್ಲ. ಆಟ ನಡೆಯುತ್ತಿದೆ ಎಂಬುದೂ ನಿಮಗೆ ತಿಳಿದಿರಲಿಲ್ಲ. ಆದರೂ ನೀವಿಲ್ಲದೆ ಆ ಆಟ ಪೂರ್ತಿಯಾಗುತ್ತಿರಲಿಲ್ಲ. ನಮ್ಮ ಊರುಗಳಿಗೆ ಬಹುಕಾಲದಿಂದ ಪರಿಚಿತವಾದ ಈ ವಿಚಿತ್ರ ಸ್ಥಿತಿಯನ್ನು ಆಟಗಳ ಬಗ್ಗೆ ಅಧ್ಯಯನ ಮಾಡುವ ವಿದ್ವಾಂಸರು ಈ ಶತಮಾನದ ಆರಂಭದಿಂದ ಗಂಭೀರವಾಗಿ ಚರ್ಚಿಸುತ್ತಿದ್ದಾರೆ. ಅವರು ಇಂಥ ಆಟಗಳನ್ನು ‘ಪರ್ವೇಸಿವ್ ಗೇಮ್ಸ್’ ಎನ್ನುತ್ತಾರೆ. ನಾವು ‘ಎಲ್ಲೆ ಮೀರುವ ಆಟಗಳು’ ಎಂದು ಕರೆಯೋಣ. ಇವು ಯಾವುವು, ಇವುಗಳಲ್ಲಿ ಸರಿತಪ್ಪುಗಳನ್ನು ಅಳೆಯುವುದು ಹೇಗೆ ಎಂಬುದನ್ನು ಈಗ ಪರಿಶೀಲಿಸೋಣ.

ಗೆರೆಯ ಒಳಗಿನ ಆಟ

ಎಲ್ಲೆ ಮೀರುವುದು ಎಂದರೇನು ಎಂದು ತಿಳಿಯಬೇಕಾದರೆ ಮೊದಲು ಎಲ್ಲೆ ಯಾವುದು ಎಂದು ನೋಡಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಚೆನ್ನೆಮಣೆ ಇರಬಹುದು. ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ 56 ಕಾಯಿಗಳು, ಎದುರುಬದುರು ಇಬ್ಬರು ಆಟಗಾರರು. ಮಳೆ ಹಿಡಿದುಕೊಂಡ ಆಟಿ ತಿಂಗಳಲ್ಲಿ ಅದನ್ನು ಹೊರತೆಗೆಯುವುದು ವಾಡಿಕೆ. ಇಲ್ಲಿ ಮೂರು ಗೆರೆಗಳಿವೆ. ಆಟ ನಡೆಯುವ ಜಾಗ ಮಣೆ. ಆಟದ ಹೊತ್ತು ಕಾಯಿ ಹಂಚಿದಲ್ಲಿಂದ ಗೆಲುವು ನಿರ್ಣಯವಾಗುವ ತನಕ. ಆಟಗಾರರು ಯಾರೆಂದರೆ ಕುಳಿತಿರುವ ಇಬ್ಬರು, ಅಷ್ಟೇ. ಮಣೆಯ ಮೇಲೆ ಅಜ್ಜಿಯನ್ನು ದಿವಾಳಿ ಎಬ್ಬಿಸಿದ ಮೊಮ್ಮಗಳು ಊಟದ ಹೊತ್ತಿಗೆ ಅದೇ ಅಜ್ಜಿಯ ಪಕ್ಕದಲ್ಲಿ ಕುಳಿತು ಉಣ್ಣುತ್ತಾಳೆ. ಮಣೆಯ ಸೋಲು ಊಟದ ಎಲೆಗೆ ಬರುವುದಿಲ್ಲ.

ಡಚ್ ಇತಿಹಾಸಕಾರ ಯೊಹಾನ್ ಹೈಸಿಂಗಾ 1938ರಲ್ಲಿ ಪ್ರಕಟಿಸಿದ ‘ಹೋಮೋ ಲೂಡೆನ್ಸ್’ ಗ್ರಂಥದಲ್ಲಿ ಈ ಬೇರ್ಪಟ್ಟ ಆವರಣದ ಬಗ್ಗೆ ಬರೆದರು. ಮುಂದಿನ ವಿದ್ವಾಂಸರು ಇದನ್ನು ಆಟದ ‘ಮಾಂತ್ರಿಕ ವೃತ್ತ’ ಎಂದು ಕರೆದು ಪ್ರಚಾರಕ್ಕೆ ತಂದರು. ಹೆಸರು ದೊಡ್ಡದಾದರೂ ವಿಷಯ ನಮಗೆ ಹೊಸದಲ್ಲ. ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ ಬಯಲಾಟವೂ ಹೌದಲ್ಲವೇ? ರಂಗಸ್ಥಳದ ನಾಲ್ಕು ಕಂಬಗಳ ನಡುವೆ ಮಹಿಷಾಸುರ ಅಬ್ಬರಿಸುತ್ತಾನೆ. ಚೌಕಿಯಲ್ಲಿ ಅದೇ ಮಹಿಷಾಸುರ ಬಣ್ಣ ಒರೆಸಿ ಚಹಾ ಕುಡಿಯುತ್ತಾನೆ. ವೃತ್ತದ ಒಳಗೆ ಒಂದು ನಿಯಮ, ಹೊರಗೆ ಇನ್ನೊಂದು. ಈ ಎರಡನ್ನೂ ಬೇರೆಬೇರೆಯಾಗಿ ಇಡಬಲ್ಲೆವು ಎಂಬ ಭರವಸೆಯಿಂದಲೇ ನಾವು ನಿಶ್ಚಿಂತೆಯಿಂದ ಆಡುತ್ತೇವೆ, ನೋಡುತ್ತೇವೆ.

ಗೆರೆ ದಾಟುವ ಮೂರು ಬಗೆ

ಫಿನ್ಲೆಂಡಿನ ಸಂಶೋಧಕ ಮಾರ್ಕುಸ್ ಮೊಂಟೋಲ 2005ರಲ್ಲಿ ಎಲ್ಲೆ ಮೀರುವ ಆಟಕ್ಕೆ ಒಂದು ಲಕ್ಷಣ ಹೇಳಿದರು. 2009ರಲ್ಲಿ ಸಹಲೇಖಕರೊಡನೆ ಈ ಕುರಿತು ಪುಸ್ತಕವನ್ನೂ ತಂದರು. ಅವರ ವಿವರಣೆಯ ಸಾರ ಇಷ್ಟು: ಆಟದ ವೃತ್ತವು ಸ್ಥಳದಲ್ಲಿಯೋ, ಕಾಲದಲ್ಲಿಯೋ, ಜನರಲ್ಲಿಯೋ ಎದ್ದುಕಾಣುವಂತೆ ಹಿಗ್ಗಿದರೆ ಅದು ಎಲ್ಲೆ ಮೀರುವ ಆಟ. ಮೂರರಲ್ಲಿ ಒಂದು ಹಿಗ್ಗಿದರೂ ಸಾಕು.

ಇದನ್ನು ಮಾರ್ನೆಮಿ ವೇಷಕ್ಕೆ ಅನ್ವಯಿಸಿ ನೋಡಿ. ವೇಷಕ್ಕೆ ರಂಗಸ್ಥಳವಿಲ್ಲ; ಮನೆಯ ಅಂಗಳ, ಅಂಗಡಿಯ ಜಗಲಿ, ಬಸ್ ನಿಲ್ದಾಣ ಎಲ್ಲವೂ ಅದರ ರಂಗವೇ. ಇದು ಸ್ಥಳದ ಹಿಗ್ಗುವಿಕೆ. ವೇಷಕ್ಕೆ ಗಂಟೆಯ ಕಟ್ಟಿಲ್ಲ; ನವರಾತ್ರಿಯ ದಿನಗಳಲ್ಲಿ ಅದು ಯಾವ ಹೊತ್ತಿಗೂ ಎದುರಾಗಬಹುದು, ನೀವು ಅಡಿಕೆ ಸುಲಿಯುತ್ತಿರುವಾಗಲೂ ಬರಬಹುದು. ಇದು ಕಾಲದ ಹಿಗ್ಗುವಿಕೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆಡುವವನು ಯಾರು, ನೋಡುವವನು ಯಾರು, ಏನೂ ತಿಳಿಯದೆ ಹಾದುಹೋಗುವವನು ಯಾರು ಎಂಬ ಭೇದ ಮಸುಕಾಗುತ್ತದೆ. ಇದು ಜನರ ಹಿಗ್ಗುವಿಕೆ.

ಸುಳ್ಯ, ಪುತ್ತೂರು ಕಡೆಯ ಗೌಡ ಸಮುದಾಯದವರ ಪುರುಷ ಕುಣಿತವನ್ನು ನೋಡಿದವರಿಗೂ ಇದು ಗೊತ್ತು. ಸುಗ್ಗಿ ತಿಂಗಳಲ್ಲಿ ಬಗೆಬಗೆಯ ವೇಷ ಕಟ್ಟಿದವರ ತಂಡ ರಾತ್ರಿ ಮನೆಯಿಂದ ಮನೆಗೆ ಸಾಗುತ್ತದೆ. ನಗಿಸುತ್ತದೆ, ಕೀಟಲೆ ಮಾಡುತ್ತದೆ. ಆದ್ದರಿಂದ ಎಲ್ಲೆ ಮೀರುವ ಆಟ ಎಂಬುದು ಪಾಶ್ಚಾತ್ಯ ದೇಶಗಳ ಕಂಪ್ಯೂಟರಿನಿಂದ ಹುಟ್ಟಿದ್ದು ಎಂದು ಯಾರಾದರೂ ಹೇಳಿದರೆ ನೀವು ಒಪ್ಪಬೇಕಾಗಿಲ್ಲ.

ಆದರೆ ಒಂದು ಅಂಶವನ್ನು ಮರೆಯಬಾರದು. ಈ ಹಳೆಯ ಆಟಗಳು ಒಂದು ಗೆರೆಯನ್ನು ದಾಟಿದರೂ ಇನ್ನೊಂದನ್ನು ಬಿಗಿಯಾಗಿ ಹಿಡಿದಿದ್ದವು. ಮಾರ್ನೆಮಿಗೆ ಪಂಚಾಂಗದ ಎಲ್ಲೆ ಇದೆ: ವಿಜಯದಶಮಿ ಕಳೆದ ಮೇಲೆ ವೇಷ ಹಾಕಿಕೊಂಡು ಬಂದರೆ ಜನ ಸಂಶಯಪಡುತ್ತಾರೆ. ಊರಿನ ಎಲ್ಲೆಯೂ ಇದೆ: ವೇಷದೊಳಗಿನ ಹುಡುಗ ಯಾರ ಮಗ ಎಂದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ, ಅತಿರೇಕ ಮಾಡಿದರೆ ಮನೆಗೆ ದೂರು ಹೋಗುತ್ತದೆ. ಈ ಎರಡು ಬೇಲಿಗಳಿಂದಲೇ ಆಟ ಆಟವಾಗಿ ಉಳಿಯಿತು.

ಬೇಲಿ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪೊಲೀಸ್ ವೇಷ ತೊಟ್ಟು ವಿಡಿಯೋ ಕರೆ ಮಾಡಿ, ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ’ ಎಂದು ಬೆದರಿಸಿ ಹಣ ದೋಚುವ ವಂಚನೆಯ ಬಗ್ಗೆ 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಬಾನುಲಿ ಭಾಷಣದಲ್ಲಿ ಎಚ್ಚರಿಸಿದರು. ಅದೇ ಖಾಕಿ, ಅದೇ ಗದರಿಕೆ. ಆದರೆ ಮೀಸೆ ಜಾರುವುದಿಲ್ಲ. ಬಲಿಯಾದವರಿಗೆ ‘ಇದು ವೇಷ’ ಎಂದು ತಿಳಿಯುವ ಕ್ಷಣ ಬರುವಷ್ಟರಲ್ಲಿ ಹಣ ಹೋಗಿರುತ್ತದೆ. ವೇಷಕ್ಕೂ ವಂಚನೆಗೂ ಇರುವ ವ್ಯತ್ಯಾಸ ಬಟ್ಟೆಯಲ್ಲಿಲ್ಲ. ಎದುರಿನವನಿಗೆ ನಿಜ ತಿಳಿಯಲಿ ಎಂಬ ಇಚ್ಛೆ ವೇಷಧಾರಿಗೆ ಇದೆಯೇ, ಇಲ್ಲವೇ ಎಂಬುದರಲ್ಲಿದೆ. (ಇಂಥ ಕರೆ ಬಂದರೆ ಹಣ ಕೊಡದೆ 1930 ಸಹಾಯವಾಣಿಗೆ ತಿಳಿಸಿರಿ.)

ಮೊಬೈಲ್ ಬಂದ ಮೇಲೆ

2016ರ ಜುಲೈ ತಿಂಗಳಲ್ಲಿ ‘ಪೋಕೆಮಾನ್ ಗೋ’ ಎಂಬ ಮೊಬೈಲ್ ಆಟ ಕೆಲವು ದೇಶಗಳಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಭಾರತಕ್ಕೆ ಅಧಿಕೃತವಾಗಿ ಬಂತು. ಆಟಗಾರ ನಿಜವಾದ ಬೀದಿಗಳಲ್ಲಿ ನಡೆಯಬೇಕು; ಫೋನಿನ ಪರದೆಯ ಮೇಲೆ ಕಾಣುವ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯಬೇಕು. ಊರಿನ ಪ್ರಸಿದ್ಧ ಸ್ಥಳಗಳು ಆಟದ ಠಾಣೆಗಳು. ನಡೆಯಲು ಬೇಸರಪಡುತ್ತಿದ್ದವರು ಮೈಲುಗಟ್ಟಲೆ ನಡೆದರು, ಅಪರಿಚಿತರು ಪರಿಚಿತರಾದರು. ಇದು ಅದರ ಒಳ್ಳೆಯ ಮುಖ.

ಇನ್ನೊಂದು ಮುಖವೂ ಇತ್ತು. ಜಪಾನಿನ ಹಿರೋಶಿಮಾದಲ್ಲಿ ಅಣುಬಾಂಬಿಗೆ ಬಲಿಯಾದವರ ಸ್ಮಾರಕ ಉದ್ಯಾನವೂ ಆಟದ ಬಯಲಾಯಿತು. ಆಗಸ್ಟ್ 6ರ ಸ್ಮರಣೆಯ ದಿನಕ್ಕೆ ಮೊದಲು ಅಲ್ಲಿನ ಠಾಣೆಗಳನ್ನು ತೆಗೆಯಬೇಕೆಂದು ನಗರಾಡಳಿತ ಕೇಳಿಕೊಳ್ಳಬೇಕಾಯಿತು. ನಮ್ಮಲ್ಲಿ, ಆಟದ ‘ಮೊಟ್ಟೆ’ಗಳು ಪೂಜಾಸ್ಥಳಗಳಲ್ಲಿ ಕಾಣಿಸುತ್ತವೆ ಎಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಗುಜರಾತ್ ಹೈಕೋರ್ಟ್ 2016ರಲ್ಲಿ ನೋಟಿಸು ನೀಡಿತು. ಆ ಅರ್ಜಿಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅದರ ಹಿಂದಿನ ಪ್ರಶ್ನೆ ನ್ಯಾಯವಾದದ್ದು: ನಾನು ಬದುಕುವ, ಪ್ರಾರ್ಥಿಸುವ, ದುಃಖಿಸುವ ಸ್ಥಳವನ್ನು ನನ್ನನ್ನು ಕೇಳದೆ ಆಟದ ಮಣೆಯಾಗಿಸಲು ಬೇರೆಯವರಿಗೆ ಹಕ್ಕು ಇದೆಯೇ? ಮಾರ್ನೆಮಿಯ ವೇಷ ಸೂತಕದ ಮನೆಯ ಅಂಗಳಕ್ಕೆ ಬಂದರೆ ‘ಇಲ್ಲಿ ಬೇಡ’ ಎಂದು ನೆರೆಮನೆಯವರು ಸನ್ನೆ ಮಾಡಿ ಕಳುಹಿಸಬಹುದು. ದೂರದ ನಗರದಲ್ಲಿ ನಕ್ಷೆ ಮಾಡಿದ ಯಂತ್ರಕ್ಕೆ ಆ ಸನ್ನೆ ಕಾಣುವುದಿಲ್ಲ.

ಬದುಕಿಗೆ ಆಟದ ವೇಷ

ಇದುವರೆಗೆ ನೋಡಿದ್ದು ಆಟ ಬದುಕಿನೊಳಗೆ ಹೊಕ್ಕ ಬಗೆ. ಇದರ ತಿರುವುಮುರುವೂ ನಡೆಯುತ್ತಿದೆ. ಕೆಲಸ, ಓದು, ಪ್ರಯಾಣ, ಆರೋಗ್ಯ ಮುಂತಾದ ಆಟವಲ್ಲದ ಸಂಗತಿಗಳಿಗೆ ಅಂಕ, ಪದಕ, ಮಟ್ಟ, ಬಹುಮಾನಗಳ ವೇಷ ತೊಡಿಸುವುದು. ಇದಕ್ಕೆ ‘ಗೇಮಿಫಿಕೇಶನ್’ ಎಂಬ ಹೆಸರು ಬಂದಿದೆ.

ಇದರಿಂದ ಒಳಿತಾದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಮತ್ತು ಸಹೋದ್ಯೋಗಿಗಳು 2008ರ ಅಕ್ಟೋಬರಿನಿಂದ 2009ರ ಏಪ್ರಿಲ್‌ವರೆಗೆ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯಲ್ಲಿ ಒಂದು ಪ್ರಯೋಗ ನಡೆಸಿದರು. ಸುಮಾರು 14 ಸಾವಿರ ಉದ್ಯೋಗಿಗಳಲ್ಲಿ ಯಾರು ಸಂದಣಿಗೆ ಮೊದಲೇ ಕೆಲಸಕ್ಕೆ ಬರುತ್ತಾರೋ ಅವರಿಗೆ ಅಂಕಗಳು. ಅಂಕ ಗಳಿಸಿದವರಿಗೆ ಚೀಟಿ ಎತ್ತಿ ನಗದು ಬಹುಮಾನ. ಬೇಗ ಬರುವವರ ಸಂಖ್ಯೆ ಇಮ್ಮಡಿಯಾಯಿತು. ಬೆಳಗಿನ ಸರಾಸರಿ ಪ್ರಯಾಣದ ಅವಧಿ 71 ನಿಮಿಷದಿಂದ 54 ನಿಮಿಷಕ್ಕೆ ಇಳಿಯಿತು ಎಂದು ಸಂಶೋಧಕರು ವರದಿ ಮಾಡಿದರು. ಗಮನಿಸಿರಿ: ಇಲ್ಲಿ ನಿಯಮ ಎಲ್ಲರಿಗೂ ಗೊತ್ತಿತ್ತು. ತಡವಾಗಿ ಬಂದವನಿಗೆ ಬಹುಮಾನವಿಲ್ಲ, ಅಷ್ಟೇ. ಲಾಭ ಆಡಿದವನಿಗೂ ಬಂತು, ಅದೇ ರಸ್ತೆಯಲ್ಲಿ ಹೋಗುವ ಇತರರಿಗೂ ಬಂತು.

ಈಗ ಇನ್ನೊಂದು ಉದಾಹರಣೆ ನೋಡಿ. ನಗರಗಳಲ್ಲಿ ಬೈಕಿನ ಮೇಲೆ ಊಟ, ದಿನಸಿ ತಲುಪಿಸುವ ಯುವಕರಲ್ಲಿ ನಮ್ಮ ಹಳ್ಳಿಗಳಿಂದ ಹೋದವರೂ ಇದ್ದಾರೆ. ‘ಇನ್ನು ಎರಡು ಆರ್ಡರ್ ಮುಗಿಸಿದರೆ ಬೋನಸ್’ ಎಂದು ಅವರ ಫೋನು ಹೇಳುತ್ತದೆ. ನಕ್ಷತ್ರಗಳ ಅಂಕ, ಮಟ್ಟ, ಗುರಿ ಎಲ್ಲವೂ ಆಟದಂತೆಯೇ ಇದೆ. ಆದರೆ ಗುರಿ ಏಕೆ ಬದಲಾಯಿತು, ಅಂಕ ಏಕೆ ಕಡಿಮೆಯಾಯಿತು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಆಟ ಬಿಡುವ ಸ್ವಾತಂತ್ರ್ಯ ಹೆಸರಿಗೆ ಇದೆ. ಬಿಟ್ಟರೆ ಅಂದಿನ ಸಂಪಾದನೆ ಇಲ್ಲ. ಮಳೆಯಲ್ಲಿ ಜಾರಿ ಬಿದ್ದರೆ ಮುರಿಯುವುದು ನಿಜವಾದ ಕಾಲು. ಕರ್ನಾಟಕ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿದ ಗಿಗ್ ಕಾರ್ಮಿಕರ ಕಾನೂನು ಕ್ಷೇಮನಿಧಿಯ ಜೊತೆಗೆ ಇನ್ನೊಂದು ವಿಷಯವನ್ನೂ ಹೇಳುತ್ತದೆ: ಕಾರ್ಮಿಕರ ಮೇಲೆ ನಿಗಾ ಇಟ್ಟು ತೀರ್ಮಾನ ಕೈಗೊಳ್ಳುವ ಯಂತ್ರವ್ಯವಸ್ಥೆಯ ಬಗ್ಗೆ ಅವರಿಗೆ ಮಾಹಿತಿ ನೀಡಬೇಕು. ಆಟದ ಭಾಷೆಯಲ್ಲಿ ಹೇಳುವುದಾದರೆ, ನಿಯಮವನ್ನು ಆಟಗಾರನಿಗೆ ತಿಳಿಸಬೇಕು ಎಂದರ್ಥ.

‘ಒಲ್ಲೆ’ ಎನ್ನುವ ಹಕ್ಕು

ಬೇರೆಯವರ ಆಟದಲ್ಲಿ ಬಲವಂತವಾಗಿ ಕಾಯಿಯಾಗುವುದು ಎಂದರೇನು ಎಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ನೋವಿನ ಸಾಕ್ಷ್ಯವಿದೆ. ಕೊರಗ ಸಮುದಾಯದವರನ್ನು ಕಂಬಳ ಆರಂಭವಾಗುವ ಮೊದಲು ಕೋಣಗಳಂತೆ ಓಡಿಸುವ ಪದ್ಧತಿ ಇತ್ತು. ಕೂದಲು, ಉಗುರು ಬೆರೆಸಿದ ಆಹಾರವನ್ನು ಅವರಿಗೆ ತಿನ್ನಿಸುವ ಪದ್ಧತಿ ಇತ್ತು. ಇದನ್ನು ‘ಅಜಲು’ ಎನ್ನುತ್ತಿದ್ದರು. ನೋಡುವವರಿಗೆ ಅದು ಹಬ್ಬದ ಒಂದು ಭಾಗ, ವಾಡಿಕೆ. ಓಡುವವನಿಗೆ? ‘ಒಲ್ಲೆ’ ಎನ್ನುವ ಅವಕಾಶ ಅವನಿಗೆ ಇರಲಿಲ್ಲ. ಕರ್ನಾಟಕ ಸರ್ಕಾರ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ತಂದು ಇವೆಲ್ಲವನ್ನೂ ಶಿಕ್ಷಾರ್ಹ ಅಪರಾಧಗಳೆಂದು ಘೋಷಿಸಿತು.

ಮಾರ್ನೆಮಿಯ ವೇಷಗಳಲ್ಲಿಯೂ ಮೈಗೆ ಕಪ್ಪು ಬಳಿದುಕೊಂಡು ‘ಕೊರಗ ವೇಷ’ ಹಾಕುವುದು ಸಾಮಾನ್ಯವಾಗಿತ್ತು. ಇದು ತಮ್ಮ ಜನಾಂಗಕ್ಕೆ ಮಾಡುವ ಅವಮಾನ ಎಂದು ಕೊರಗ ಸಂಘಟನೆಗಳು ಆಕ್ಷೇಪಿಸುತ್ತ ಬಂದಿವೆ. ‘ತಮಾಷೆಗೆ ಮಾಡಿದ್ದು’ ಎಂಬ ಉತ್ತರ ಇಲ್ಲಿ ಸಾಲದು. ಪೊಲೀಸ್ ವೇಷ ಹಾಕಿದವನು ತನಗಿಂತ ಬಲಶಾಲಿಯಾದವನನ್ನು ಅಣಕಿಸುತ್ತಾನೆ. ಕೊರಗ ವೇಷ ಹಾಕಿದವನು ತನಗಿಂತ ತುಳಿತಕ್ಕೊಳಗಾದವನನ್ನು. ಮೊದಲನೆಯವನು ಸಂಜೆ ಖಾಕಿ ಬಿಚ್ಚುತ್ತಾನೆ, ಯಾರಿಗೂ ನಷ್ಟವಿಲ್ಲ. ಎರಡನೆಯವನು ಬಣ್ಣ ತೊಳೆದುಕೊಂಡರೂ, ಅವನು ಎಬ್ಬಿಸಿದ ನಗು ಒಂದು ಸಮುದಾಯದ ಮಕ್ಕಳನ್ನು ಶಾಲೆಯ ತನಕ ಹಿಂಬಾಲಿಸುತ್ತದೆ. ಆಟ ಮುಗಿದ ಮೇಲೂ ಅದರ ಪರಿಣಾಮ ಮುಗಿಯದ ಜನ ಯಾರು ಎಂದು ಕೇಳಿದಾಗಲೇ ನೀತಿಯ ಪ್ರಶ್ನೆ ಸ್ಪಷ್ಟವಾಗುತ್ತದೆ.

ಕಂಬಳದ ಕೋಣವೂ ‘ಒಲ್ಲೆ’ ಎನ್ನಲಾರದು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳಕ್ಕೆ ತಡೆ ಬಂತು. ರಾಜ್ಯ 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಹಿಂಸೆ ಕಡಿಮೆಯಾಗಬೇಕು ಎಂಬ ಹೊಣೆ ಉಳಿದೇ ಇದೆ. ಒಪ್ಪಿಗೆ ಹೇಳಲಾರದ ಜೀವವನ್ನು ಆಟಕ್ಕೆ ಇಳಿಸಿದವನ ಮೇಲೆ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲ.

ಅಂಕವೇ ಗುರಿಯಾದಾಗ

ಇನ್ನೊಂದು ಅಪಾಯ ಸದ್ದಿಲ್ಲದೆ ಬರುವಂಥದು; ಆಡುವವನೂ ಅದನ್ನು ಮನಸಾರೆ ಒಪ್ಪಿಯೇ ಬರಮಾಡಿಕೊಳ್ಳುತ್ತಾನೆ. ನೀವು ಆರೋಗ್ಯಕ್ಕಾಗಿ ನಡೆಯಲು ಆರಂಭಿಸುತ್ತೀರಿ. ಫೋನು ಹೆಜ್ಜೆ ಎಣಿಸುತ್ತದೆ. ಕೆಲವು ವಾರಗಳಲ್ಲಿ ಹತ್ತು ಸಾವಿರ ಎಂಬ ಸಂಖ್ಯೆ ಮುಟ್ಟದಿದ್ದರೆ ಸಮಾಧಾನವಿಲ್ಲ. ಮಂಡಿ ನೋಯುತ್ತಿದ್ದರೂ ಅಂಗಳದಲ್ಲಿ ಸುತ್ತುತ್ತೀರಿ. ಫೋನಿಲ್ಲದೆ ತೋಟಕ್ಕೆ ಹೋಗಿ ನೀರಿನ ಪೈಪು ಎಳೆದು ದಣಿದು ಬಂದ ದಿನ ‘ನಡೆದದ್ದು ಲೆಕ್ಕಕ್ಕೆ ಬರಲಿಲ್ಲ’ ಎಂದು ಬೇಸರಪಡುತ್ತೀರಿ. ಆರೋಗ್ಯ ಎಂಬ ಗುರಿಯ ಜಾಗದಲ್ಲಿ ಸಂಖ್ಯೆ ಬಂದು ಕುಳಿತಿದೆ. ತತ್ವಶಾಸ್ತ್ರಜ್ಞ ಸಿ. ಥಿ ನುಯೆನ್ ಇದನ್ನು ಮೌಲ್ಯವು ಸೆರೆಯಾಗುವುದು ಎಂದು ವರ್ಣಿಸಿದ್ದಾರೆ: ಬದುಕಿನ ಸೂಕ್ಷ್ಮವಾದ, ಬಹುಮುಖವಾದ ಆಸೆಯನ್ನು ಸರಳ ಅಂಕವೊಂದು ನುಂಗಿಬಿಡುತ್ತದೆ. ಆಟದಲ್ಲಿ ಅಂಕ ಸರಳವಾಗಿರುವುದೇ ಸುಖ. ಬದುಕು ಅಷ್ಟು ಸರಳವಲ್ಲ ಎಂಬುದೇ ತೊಡಕು.

ಹಾಗಾದರೆ ಕಲಿಕೆಯಲ್ಲಿ, ಕೆಲಸದಲ್ಲಿ ಆಟವೇ ಬೇಡವೇ? ಹಾಗೆ ಹೇಳುವಂತಿಲ್ಲ. ಕುಂಬ್ರದಿಂದ ಹೆಚ್ಚು ದೂರವಿಲ್ಲದ ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು ಮಕ್ಕಳಿಗೆ ಕುಣಿತ, ನಾಟಕ, ಚಿತ್ರಗಳ ಮೂಲಕ ಕಲಿಸುವ ಪ್ರಯೋಗಗಳನ್ನು ನಡೆಸಿದ್ದರು. ಅಲ್ಲಿದ್ದದ್ದು ಆಟದ ಮನೋಭಾವ: ಪ್ರಯತ್ನಿಸುವ ಧೈರ್ಯ, ತಪ್ಪಿದರೆ ನಗುವ ಬಿಡುವು, ಕುತೂಹಲ. ಇಂದು ಅನೇಕ ಕಡೆ ಕಲಿಕೆಗೆ ಸೇರಿಸುತ್ತಿರುವುದು ಆಟದ ಈ ಜೀವವನ್ನಲ್ಲ, ಅದರ ಲೆಕ್ಕಪುಸ್ತಕವನ್ನು. ಗೋಡೆಯ ಮೇಲೆ ಎಲ್ಲ ಮಕ್ಕಳ ಹೆಸರು ಬರೆದು ನಕ್ಷತ್ರ ಅಂಟಿಸಿದರೆ ಕೊನೆಯ ಸಾಲಿನ ಮಗುವಿಗೆ ಅದು ಆಟವಲ್ಲ, ದಿನವೂ ಓದಬೇಕಾದ ಸೋಲಿನ ಪಟ್ಟಿ. ಚೆನ್ನೆಮಣೆಯ ಸೋಲು ಊಟದ ಎಲೆಗೆ ಬರುವುದಿಲ್ಲ ಎಂದೆವಲ್ಲ. ಈ ಸೋಲು ಬರುತ್ತದೆ.

ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳು

ಆಟ ಬೀದಿಗೆ ಬಂದಾಗ, ಬದುಕಿಗೆ ಆಟದ ವೇಷ ತೊಡಿಸಿದಾಗ, ಅದು ಫೋನಿನಲ್ಲಿರಲಿ, ಶಾಲೆಯಲ್ಲಿರಲಿ, ಜಾತ್ರೆಯಲ್ಲಿರಲಿ, ನೀವು ಈ ಐದು ಪ್ರಶ್ನೆಗಳನ್ನು ಕೇಳಬಹುದು.

1. ತಿಳಿವು: ಇದು ಆಟ ಎಂದು ಒಳಗಿರುವ ಎಲ್ಲರಿಗೂ ಗೊತ್ತೇ? ಗೊತ್ತಿಲ್ಲದವರಿಗೆ ಬೇಗನೆ, ನೋವಿಲ್ಲದೆ ತಿಳಿಯುವ ದಾರಿ ಇದೆಯೇ?

2. ಬಿಡುಗಡೆ: ‘ಒಲ್ಲೆ’ ಎಂದು ಹೊರಬರಲು ಸಾಧ್ಯವೇ? ಬಂದರೆ ಕೂಲಿ, ಮಾನ, ಸ್ನೇಹ ಇವುಗಳಲ್ಲಿ ಏನನ್ನು ಕಳೆದುಕೊಳ್ಳಬೇಕಾಗುತ್ತದೆ?

3. ನಿಯಮ: ಅಂಕ ಹೇಗೆ ಸಿಗುತ್ತದೆ ಎಂಬುದು ಬಹಿರಂಗವಾಗಿದೆಯೇ? ಮಧ್ಯದಲ್ಲಿ ಬದಲಿಸುವವರು ಯಾರು?

4. ಲಾಭ: ಗೆದ್ದಾಗ ನಿಜವಾಗಿ ಪಡೆಯುವವರು ಯಾರು? ಆಡಿದವನಿಗೆ ನಕ್ಷತ್ರ, ಆಡಿಸಿದವನಿಗೆ ಹಣ ಎಂಬಂತಿದೆಯೇ?

5. ದಾರಿಹೋಕ: ಆಡದೆ ಇರುವ ಮೂರನೆಯವನಿಗೆ, ಒಂದು ಸಮುದಾಯಕ್ಕೆ, ಮಾತು ಬಾರದ ಪ್ರಾಣಿಗೆ ತೊಂದರೆ ಇದೆಯೇ?

ಇವುಗಳಿಗೆ ಉತ್ತರ ಹುಡುಕುವಾಗ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂಬ ನಿರ್ಧಾರಕ್ಕೆ ಬರಬೇಡಿರಿ. ಅಜಲು ಹಳೆಯದು, ಬೆಂಗಳೂರಿನ ಬಸ್ಸಿನ ಪ್ರಯೋಗ ಹೊಸದು. ಮನೆಯವರೆಲ್ಲ ಒಟ್ಟಿಗೆ ಕುಳಿತಾಗ, ಮಕ್ಕಳ ಫೋನಿನಲ್ಲಿರುವ ಯಾವುದಾದರೂ ಒಂದು ಆ್ಯಪನ್ನೂ ಊರಿನ ಯಾವುದಾದರೂ ಒಂದು ಆಚರಣೆಯನ್ನೂ ಆರಿಸಿಕೊಂಡು ಈ ಐದು ಪ್ರಶ್ನೆಗಳನ್ನು ಎರಡಕ್ಕೂ ಹಾಕಿ ನೋಡಿರಿ. ಮಕ್ಕಳ ಉತ್ತರವನ್ನು ಮೊದಲು ಕೇಳಿರಿ. ಆಟದಲ್ಲಿ ಅನ್ಯಾಯ ಎಲ್ಲಿ ನಡೆಯಿತು ಎಂಬುದು ದೊಡ್ಡವರಿಗಿಂತ ಬೇಗ ಅವರಿಗೆ ಗೊತ್ತಾಗುತ್ತದೆ.